ಹದಿನೆಂಟು ಪೊಟ್ಟಣ

೨೭ ಆಗಸ್ಟ್ ೧೯೫೭, ಮಂಗಳವಾರ. ಸಂಜೆ

ಗಜೇಂದ್ರಗಡದ ಸಂತೆ ಮುಗಿಸಿ ಈಗ ಬಂದೆ. ಕಾಲು ಬಾತಿವೆ. ಹೀರೇಕಾಯಿ ಪೂರಾ ಖಾಲಿ. ಸೌತೆಕಾಯಿ ಅರ್ಧ ಬುಟ್ಟಿ ಉಳಿಯಿತು. ಬದನೆ ಒಯ್ದದ್ದೇ ತಪ್ಪು — ಸಂತೆ ತುಂಬ ಬದನೆ. "ಮಹಿಳಾ ಮಂಡಳದ ಹಿತ್ತಲ ತರಕಾರಿ" ಅಂತ ಬೋರ್ಡು ಬರೆದು ಒಯ್ದಿದ್ದೆ. ಕಲ್ಲವ್ವ ಅದನ್ನು ಮಗುಚಿ ಹಾಕಿ ಮೇಲೆ ಕೂತಳು.

"ನೆಲಾ ಸುಡತೈತ್ರಿ ಅಕ್ಕೋರ. ಓದಾವ್ರು ಯಾರ ಬರತಾರ ಇಲ್ಲಿ?"

ಈ ಮುದುಕಿಗೆ ಏನು ಹೇಳುವುದು! ಬೋರ್ಡಿಲ್ಲದೆಯೇ ಹೀರೇಕಾಯಿ ಅಷ್ಟೂ ಮಾರಿದಳು, ಅದು ಬೇರೆ ಮಾತು.

ಸೂಡಿಗೆ ಗ್ರಾಮಸೇವಿಕೆಯಾಗಿ ಬಂದು ಆರು ತಿಂಗಳು. ಹೊಗೆಯಿಲ್ಲದ ಒಲೆ — ಒಂಬತ್ತು. ಗೊಬ್ಬರದ ಗುಂಡಿ — ಹನ್ನೆರಡು, ಅದರಲ್ಲಿ ನಾಲ್ಕು ಬರೀ ಗುಂಡಿ. ರಿಪೋರ್ಟಿನಲ್ಲಿ ಹೇಗೆ ಬರೆಯಲಿ? ರೋಣದ ಆಫೀಸಿಗೆ ತಿಂಗಳ ಕೊನೆಗೆ ಮುಟ್ಟಬೇಕು. ಅಪ್ಪನ ಕಾಗದ ಮತ್ತೆ ಬಂದಿದೆ. ಪ್ರಭುಲಿಂಗಪ್ಪನ ಮಗಳು ಮಂದಿ ಊರಲ್ಲಿ ತಿಪ್ಪೆ ಕೆದರುತ್ತಾಳೆ ಅಂತ ನರಗುಂದದ ಪೇಟೆಯಲ್ಲಿ ನಗುತ್ತಾರಂತೆ. ನಗಲಿ. ಆದರೂ ಓದಿದಾಗಿನಿಂದ ಊಟ ಸೇರಿಲ್ಲ.

೩೧ ಆಗಸ್ಟ್, ಶನಿವಾರ

ಹೆಂಗಸರನ್ನೆಲ್ಲ ಗುಡ್ಡಕ್ಕೆ ಕರೆದೊಯ್ದೆ. ತಿನ್ನುವ ಸೊಪ್ಪು ಗುರುತಿಸುವ ಪಾಠ. ಟ್ರೇನಿಂಗಿನ ಪುಸ್ತಕ ಕೈಯಲ್ಲಿ. ಒಂದು ಎಲೆ ಎತ್ತಿ ಹಿಡಿದು, ಇದು ಗೋಳಿ ಪಲ್ಯ, ರಕ್ತಕ್ಕೆ ಒಳ್ಳೆಯದು ಅಂದೆ. ಕಲ್ಲವ್ವ ಎಲೆ ಇಸಿದುಕೊಂಡು ಮೂಸಿದಳು.

"ಇದನ್ನ ಆಡೂ ಮುಟ್ಟಂಗಿಲ್ರಿ. ಪುಸ್ತಕದಾಗ ವಾಸನಿ ಬರತೈತೇನ್ರಿ?"

ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ಇವಳೊಬ್ಬಳು ಇರದಿದ್ದರೆ? ಅಷ್ಟೂ ಜನ ಉಡಿ ತುಂಬಿಕೊಂಡು ಹೋಗಿ ಅಡಿಗೆ ಮಾಡಿರುತ್ತಿದ್ದರು.

ಹನುಮವ್ವ ಕೂಸನ್ನು ಕಟ್ಟಿಕೊಂಡೇ ಗುಡ್ಡ ಹತ್ತಿದಳು. ಕೂಸಿನ ಹೆಸರು ಮಾಯಿ, ಎಂಟು ತಿಂಗಳು. ದಾರಿಯುದ್ದಕ್ಕೂ ಅತ್ತಿತು. ಮೈತುಂಬ ಕೆಂಪು ಗಂದೆ — ತಿಗಣೆ. ತೊಟ್ಟಿಲು ಬಿಸಿಲಿಗೆ ಹಾಕು, ಕುದಿನೀರು ಹೊಯ್ಯಿ ಅಂದೆ. ಎಲ್ಲ ಮಾಡಿದ್ದಾಳಂತೆ. ಹನುಮವ್ವನ ಕಣ್ಣ ಕೆಳಗೆ ಕಪ್ಪು. ನನ್ನ ಮಾತು ನೀರಿನಂತೆ ಕುಡಿಯುವ ಹುಡುಗಿ ಇವಳೊಬ್ಬಳೇ.

೪ ಸೆಪ್ಟೆಂಬರ್, ಬುಧವಾರ

ಇವತ್ತಿನ ಕ್ಲಾಸು ಚೆನ್ನಾಯಿತು. ಚೆನ್ನಾಯಿತು ಅಂತಲೇ ಬರೆಯುತ್ತೇನೆ, ಒಂದು ದಿನವಾದರೂ.

ಬೀಜಕ್ಕೆ ಹಚ್ಚುವ ಔಷಧದ ಪುಡಿ ಬಂದಿತ್ತು. ಹದಿನೆಂಟು ಪೊಟ್ಟಣ, ಹದಿನೆಂಟು ಮನೆ. ಬಿತ್ತನೆ ಜೋಳಕ್ಕೆ ಕಲಸಿ ತೋರಿಸಿದೆ. ಬೂದು ಬಣ್ಣ, ಮೂಗಿಗೆ ಹೊಡೆಯುವ ವಾಸನೆ. ನುಸಿಯಲ್ಲ, ಇರುವೆಯಲ್ಲ, ಯಾವ ಹುಳವೂ ಉಳಿಯುವುದಿಲ್ಲ ಅಂದೆ.

"ಯಾವ ಹುಳಾನೂ?" ಹನುಮವ್ವ ಕೇಳಿದಳು.

"ಯಾವುದೂ."

ತಿನ್ನಬಾರದು, ದನಕ್ಕೆ ಹಾಕಬಾರದು ಅಂತ ಮೂರು ಸಲ ಹೇಳಿದೆ. ಕಲ್ಲವ್ವನಿಗೆ ಸಿಟ್ಟೇ ಬಂತು.

"ಬೀಜದ ಜ್ವಾಳ ಯಾರ ತಿಂತಾರ್ರಿ? ಕೂಸು ಹಸದು ಅತ್ತರೂ ಆ ಬುಟ್ಟಿಗೆ ಕೈ ಹಾಕಂಗಿಲ್ಲ ನಾವು. ಮತ್ತ ನಮಗ ಬೂದಿ, ಬೇವಿನ ತಪ್ಪಲಾ ಸಾಕಾಗೇತಿ, ನಮ್ಮ ಅತ್ತಿ ಕಾಲದಿಂದ."

ಕಾಲ ಬದಲಾಗಿದೆ ಅಂತ ಹೇಳಿದೆ. ಕೊನೆಗೆ ಎಲ್ಲರೂ ಹೂಂ ಅಂದರು. ಕಲ್ಲವ್ವನೂ. ಹದಿನೆಂಟಕ್ಕೆ ಹದಿನೆಂಟು!

೧೬ ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ ೭

ನರಗುಂದಕ್ಕೆ ಹೋಗಿ ನಿನ್ನೆ ಬಂದೆ. ಗಂಡು ತೋರಿಸಿದರು. ಬ್ಯಾಡ ಅಂದೆ. ಅವ್ವ ಮಾತು ಬಿಟ್ಟಿದ್ದಾಳೆ. "ಒಂದ ವರ್ಷ ನೋಡತೇನಿ. ಒಂದ ತಪ್ಪು ಕಿವಿಗೆ ಬಿತ್ತೋ, ಗಾಡಿ ಕಟ್ಟಿಕೊಂಡ ಬರತೇನಿ" ಅಂದ ಅಪ್ಪ.

ನಾಳೆಯಿಂದ ಬಿತ್ತನೆ. ಇವತ್ತು ಸೋಮವಾರ, ಎತ್ತು ಹೂಡುವುದಿಲ್ಲ. ಮಠದ ಬಸಯ್ಯನವರು ಭಿಕ್ಷೆಯ ಜೋಳಿಗೆ ಹಾಕಿಕೊಂಡು ಓಣಿಯಲ್ಲಿ ಬಂದಿದ್ದರು. ಪ್ರತಿ ಬಾಗಿಲಲ್ಲೂ ಹೆಂಗಸರು ಕಾಲಿಗೆ ನೀರು ಹಾಕಿ, ಬೊಗಸೆ ಜೋಳ ಸುರಿದು ನಮಸ್ಕಾರ ಮಾಡಿದರು. ಕಟ್ಟೆಯ ಮೇಲೆ ನಿಂತು ನೋಡಿದೆ. ಬಹಳ ದಿನದ ಮೇಲೆ ಮನಸ್ಸು ಹಗುರ.

೧೦ ಗಂಟೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಪಕ್ಕದ ಮನೆಯ ಶಂಕ್ರವ್ವ ಹಿಟ್ಟಿನ ಸಾಣಿಗೆ ವಾಪಸ್ ಕೊಡಲು ಬಂದಿದ್ದಳು. ಅಯ್ಯನವರಿಗೆ ಇವತ್ತು ಯಾಕೆ ಅಷ್ಟು ಕಾಳು ಅಂತ ಸುಮ್ಮನೆ ಕೇಳಿದೆ.

"ಗೊತ್ತಿಲ್ಲೇನ್ರಿ? ಬೀಜದ ಬುಟ್ಟಿಯಿಂದ ಮೊದಲನೇ ಬೊಗಸಿ ದೇವರಿಗೆ. ಆಮ್ಯಾಲ ಬಿತ್ತೂ ಕೂರಿಗಿಗೆ."

"ಬೀಜದ ಬುಟ್ಟಿಯಿಂದನಾ? ಪುಡಿ ಹಚ್ಚಿದ್ದು?"

ತಲೆ ತಗ್ಗಿಸಿ ಹೂಂ ಅಂದಳು. ಎಲ್ಲರೂ? "ಹೂಂನ್ರಿ, ಎಲ್ಲಾರೂ." ಬೀಜ ತಿನ್ನುವುದಿಲ್ಲ ಅಂದಿರಲ್ಲ ಅಂದರೆ — "ನಾವೆಲ್ಲಿ ತಿಂದೀವ್ರಿ? ದೇವರಿಗೆ ಕೊಟ್ಟೇವಿ."

ಗಜೇಂದ್ರಗಡದ ಮಠಕ್ಕೆ ಹೋಗುತ್ತದೆ. ಅಲ್ಲಿ ಉಂಡು ಸಾಲೆ ಕಲಿಯುವ ಹುಡುಗರು ನಲವತ್ತು ಮಂದಿ. ಬಸಯ್ಯನವರು ಎಂಟು ಗಂಟೆಗೇ ಗಾಡಿಯಲ್ಲಿ ಹೋದರಂತೆ.

ಅಂಗಡಿ ಮನೆಯ ಮಗಳು ನಾನು. ಕೂರಿಗೆ ಹಿಡಿದ ಮನೆಯಲ್ಲಿ ಹುಟ್ಟಿದ್ದರೆ ಇಷ್ಟು ಗೊತ್ತಿರುತ್ತಿರಲಿಲ್ಲವೇ? ಗೊತ್ತಿಲ್ಲದವಳು ಪಾಠ ಯಾಕೆ ಹೇಳಬೇಕು? ಶಿವನೇ, ಆ ಹುಡುಗರು...

೧೧.೧೫. ಬಸ್ಸಿಗೆ ಕಾಯುತ್ತ

ಇನ್ನೂ ಬಂದಿಲ್ಲ. ಕಲ್ಲವ್ವ ಇದೇ ಮರದ ಕೆಳಗೆ ಇದ್ದಾಳೆ, ಹಗ್ಗ ತರಲು ಗಜೇಂದ್ರಗಡಕ್ಕೆ. ಎಲ್ಲಿಗೆ ಅಂತ ಕೇಳಿದಳು. ರಿಪೋರ್ಟ್ ಕೆಲಸ ಅಂದೆ. ಸುಳ್ಳು.

ಮಠದಲ್ಲಿ ಏನಂತ ಹೇಳಲಿ? ಹೇಳದೆ ಕಾಳು ಬದಲಾಯಿಸಲು ಬರುತ್ತದೆಯೇ? ಈಗಾಗಲೇ ಬೀಸಿದ್ದರೆ? ಧೂಳು ಕಾಣುತ್ತಿದೆ. ಬಸ್ಸೇ ಇರಬೇಕು.

ಸಂಜೆ ೬

ಬರೆದೇ ಬಿಡುತ್ತೇನೆ.

ಹೋದಾಗ ಪಂಕ್ತಿ ಕೂತಿತ್ತು. ಎಲ್ಲರ ಮುಂದೂ ರೊಟ್ಟಿ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ, ತಿನ್ನಬ್ಯಾಡ್ರಿ, ಯಾರೂ ತಿನ್ನಬ್ಯಾಡ್ರಿ ಅಂತ ಕೂಗಿದೆ. ನಲವತ್ತು ಕೈ ಹಾಗೇ ನಿಂತವು. ಬಸಯ್ಯನವರು ಕೆಂಪಾದರು.

"ಭಿಕ್ಷಾದ ಕಾಳಿಗೆ ವಿಷಾ ಅಂತೀಯೇನವಾ?"

ಹೇಳಿದೆ. ಪುಡಿ ನಾನೇ ಕೊಟ್ಟೆ, ಹೆಂಗಸರದು ತಪ್ಪಿಲ್ಲ, ಎಲ್ಲ ನಂದೇ ತಪ್ಪು. ಅಳುತ್ತಲೇ ಹೇಳಿದೆ. ಅಷ್ಟರಲ್ಲಿ ಹಿಂದಿನಿಂದ ಕಲ್ಲವ್ವ. ನಾನು ಓಡಿದ್ದು ನೋಡಿ ಬೆನ್ನು ಹತ್ತಿ ಬಂದಿದ್ದಾಳೆ. ಮೂಲೆಯಲ್ಲಿದ್ದ ಸೂಡಿಯ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಕಾಳು ತೆಗೆದು ಮೂಸಿ, ಬಾಯಿಗೇ ಹಾಕಿಕೊಂಡಳು! ಕಟಕಟ ಕಡಿದಳು.

"ಬೂದಿ ಐತಿ. ಬೇವು ಐತಿ. ಅಕ್ಕೋರ ಪುಡಿ ಇಲ್ಲ. ಉಣ್ರಪಾ ನೀವು."

ಯಾರೂ ಹಚ್ಚಿಲ್ಲ. ಹದಿನೆಂಟು ಮನೆಯಲ್ಲಿ ಒಂದರಲ್ಲೂ ಹಚ್ಚಿಲ್ಲ.

ಬಸ್ಸಿನಲ್ಲಿ ಕೇಳಿದೆ, ಹೂಂ ಅಂದದ್ದು ಯಾಕೆ?

"ನಿಮ್ಮ ಮಾರಿ ನೋಡಿ ಅಂದ್ವಿ. ಇಲ್ಲಾ ಅಂದಿದ್ರ ನೀವು ಅಳತಿದ್ರಿ. ಪರಊರಿನ ಹೆಣಮಗಳು, ಒಬ್ಬಾಕಿ ಇರತೀರಿ."

ನಕ್ಕೆ. ಅತ್ತೆ. ಆಮೇಲೆ ಅವಮಾನ ಆಯಿತು. ಆರು ತಿಂಗಳು ಕಲಿಸಿದ್ದೆಲ್ಲ ಇಷ್ಟೇನಾ? ಒಲೆಗಳೂ ನನ್ನ ಮುಖ ನೋಡಿಯೇ ಹಾಕಿಸಿದ್ದೋ? ಆದರೆ ಹುಡುಗರು ಉಂಡರು. ಅದು ಸಾಕು. ಇವತ್ತು ಮಲಗುತ್ತೇನೆ.

೧೭ ಸೆಪ್ಟೆಂಬರ್, ಮಂಗಳವಾರ. ಸಂಜೆ

ಮಲಗಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ಹೊಳೆಯಿತು — ಹಚ್ಚಿಲ್ಲ ಅಂದರೆ ಪುಡಿ ಎಲ್ಲಿ?

ಬೆಳಗಾಗುತ್ತಲೇ ಕಲ್ಲವ್ವನ ಮನೆಗೆ ಹೋದೆ. "ಸರಕಾರದ್ದು ಚೆಲ್ಲಾಕ ಬರತೈತೇನ್ರಿ? ಜ್ವಾಕಿ ಇಟ್ಟೇವಿ" ಅಂದಳು. ಜೋಕೆ! ಗೋಡೆಯ ದೇವರ ಮಾಡದಲ್ಲಿ ಒಂದು. ಉಪ್ಪಿನ ಗಡಿಗೆಯ ಪಕ್ಕ ಒಂದು. ಶಂಕ್ರವ್ವನದು ಖಾರದ ಪುಡಿಯ ಡಬ್ಬಿಯ ಮೇಲೆ.

ಒಂದೊಂದೇ ಮನೆ ತಿರುಗಿ ಹದಿನೇಳು ತಂದೆ. ಯಾಕೆ ಅಂತ ಕೇಳಿದವರಿಗೆಲ್ಲ, ಸರಕಾರ ವಾಪಸ್ ಕೇಳಿದೆ ಅಂದೆ. ನಿಜ ಹೇಳಿದ್ದರೆ — ಇದು ಮೈಗೆ ತಾಕಿದರೂ ಕೆಟ್ಟದ್ದು, ಮೊದಲೇ ಸರಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ ಅಂತ — ಮಠದ ಸುದ್ದಿಯ ಮೇಲೆ ಇದೂ ಸೇರಿ ನರಗುಂದ ಮುಟ್ಟುತ್ತಿತ್ತು. ಎರಡು ದಿನದಲ್ಲಿ ಎರಡು ಸಲ ಮಾನ ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಹನುಮವ್ವನದೊಂದು ಬಾಕಿ. ಬಿತ್ತಲು ಹೊಲಕ್ಕೆ ಹೋಗಿದ್ದಳು. ಅತ್ತೆಗೆ ಏನೂ ಗೊತ್ತಿಲ್ಲ. ಪೊಟ್ಟಣ ಕಳಿಸು ಅಂತ ಹೇಳಿ ಬಂದೆ.

೧೮ ಸೆಪ್ಟೆಂಬರ್, ಬುಧವಾರ. ಮಧ್ಯಾಹ್ನ

ರಿಪೋರ್ಟು ಬರೆಯುತ್ತಿದ್ದೆ. ಬೀಜೋಪಚಾರ ಮಾಡಿದ ಮನೆ — ಸೊನ್ನೆ. ಸೊನ್ನೆಯನ್ನೇ ಬರೆದೆ. ಬರೆದ ಮೇಲೆ ಸ್ವಲ್ಪ ಸಮಾಧಾನ.

ಈಗಷ್ಟೇ ಶಂಕ್ರವ್ವ ಬಂದು ಹೋದಳು. ಹನುಮವ್ವನ ಪೊಟ್ಟಣ ತಂದಿದ್ದಳು, ನೀಟಾಗಿ ಮಡಚಿ. ಖಾಲಿ.

"ಸಿಟ್ಟಿಗೇಳಬ್ಯಾಡ್ರಿ ಅಂತ ಹೇಳ್ಯಾಳ್ರಿ. ನೀವು ವಾಪಸ್ ಒಯ್ತೀರಿ ಅಂತ ಗೊತ್ತಾಗಿ, ನಿನ್ನಿ ಸಂಜಿಕ ಲಗೂ ಲಗೂ ಪೂರಾ ತೊಟ್ಟಿಲಕ್ಕ ತಿಕ್ಕಿಬಿಟ್ಟಾಳ. ಕೌದಿಗೂ ಹಾಕ್ಯಾಳ. ನೀವು ಹೇಳಿದಂಗ ಒಂದ ಹುಳಾ ಉಳದಿಲ್ಲಂತ. ಕೂಸು ಎಷ್ಟ ದಿನಾ ಆಗಿತ್ರಿ ನಿದ್ದಿ ಮಾಡಿ. ರಾತ್ರಿ ಒಮ್ಮೀನೂ ಅಳಲಿಲ್ಲಂತ. ಮುಂಜಾನಿ ಹಾಲಿಗೂ ಎದ್ದಿಲ್ಲ."

ಹೂಂ ಅಂದೆ. ಹೂಂ ಅಂತ ಪೊಟ್ಟಣ ಇಸಿದುಕೊಂಡು, ಹದಿನೆಂಟು ಅಂತ ಬರೆಯಲು ಕೂತೆ. ಹಾಲಿಗೂ ಎದ್ದಿಲ್ಲ. ಗಂಟೆ ಒಂದೂವರೆ ಆಗಿದೆ, ಇನ್ನೂ