ಶುಕ್ರವಾರದ ಉಪ್ಪು

ಏಪ್ರಿಲ್ ೬, ಸೋಮವಾರ

ಒಪ್ಪತ್ತು. ಕಸ ಹೊಡೆದು, ಅಂಗಳಕ್ಕೆ ನೀರು ಚಿಮುಕಿಸಿ, ಎಮ್ಮೆ ಹಿಂಡಿ, ಪತ್ರಿ ಹರಿದು ತಂದು ಲಿಂಗಪೂಜೆ ಮುಗಿಸುವಷ್ಟರಲ್ಲಿ ಬಿಸಿಲು ಹೊಸ್ತಿಲಿಗೆ ಬಂದಿತ್ತು. ವಾಣಿಶ್ರೀ ಇನ್ನೂ ಮಲಗಿದ್ದಾಳೆ. ಮಲಗಲಿ. ಚೊಚ್ಚಲ ಬಸುರಿ, ಕುಬಸ ಮುಗಿಸಿ ಹಾನಗಲ್ಲಿನಿಂದ ಕರೆತಂದ ಮಗಳು. ಕಾಲಿನ ಬಾವು ಇಳಿದಿಲ್ಲ. ಬಿ.ಪಿ. ಜಾಸ್ತಿ. ನೋವು ಕಾಣಿಸಿದ ಕೂಡಲೇ ಹುಬ್ಬಳ್ಳಿ ಆಸ್ಪತ್ರೆಗೆ ಕರೆತನ್ನಿ, ತಡ ಮಾಡಬೇಡಿ ಎಂದು ಡಾಕ್ಟರ್ ಬಾಯಿಯವರು ಒತ್ತಿ ಹೇಳಿದ್ದಾರೆ.

ನಿನ್ನೆ ಅಳಿಯಂದಿರು ಬಂದಿದ್ದರು, ಹೊಸ ಕರೆಂಟಿನ ಕಾರು ತಗೊಂಡು. ಸದ್ದೇ ಇಲ್ಲ. ಅಂಗಳದಲ್ಲಿ ಬಂದು ನಿಂತರೂ ನಾಯಿ ಬೊಗಳಲಿಲ್ಲ. ಊಟಕ್ಕೆ ಕುಳಿತಾಗ ನಮ್ಮ ಮನೆಯವರಿಗೂ ಅವರಿಗೂ ವಾದ.

"ಎತ್ತಿಗೆ ಮೇವು ಯಾವ ಊರಾಗೂ ಸಿಗತೈತಿ. ಡೀಸೆಲ್ಲೂ ಸಿಗತೈತಿ. ಇದಕ್ಕ ದಾರ್ಯಾಗ ಹಸಿವಾದ್ರ, ಶರಣಪ್ಪ?"

"ಮಾವ, ಫೋನಿಗೆ ದಿನಾ ಚಾರ್ಜ್ ಹಾಕ್ತೀರಲ್ರಿ. ಇದೂ ಹಂಗ."

"ಫೋನ್ ಸತ್ರ ನಾ ಮನ್ಯಾಗ ಇರ್ತೇನಿ. ಕಾರ್ ಸತ್ರ ನನ್ನ ಮಗಳು ಹೈವೇ ಮ್ಯಾಲ."

ವಾಣಿಶ್ರೀ ನಕ್ಕಳು. ನನಗೆ ನಗು ಬರಲಿಲ್ಲ.

ಏಪ್ರಿಲ್ ೯, ಗುರುವಾರ

ವೈರಮನ್ ರಫೀಕ ಬಂದು ಕಾರಿಗೆಂದು ದೊಡ್ಡ ಸಾಕೆಟ್ ಕೂಡಿಸಿದ. ಅರ್ಥಿಂಗ್ ಗುಂಡಿ ತೋಡಿದ್ದು ಹಿತ್ತಲಲ್ಲಿ, ನನ್ನ ಪತ್ರಿ ಗಿಡದ ಪಕ್ಕದಲ್ಲೇ. ಪೈಪು ಹುಗಿದು ಇದ್ದಿಲು ತುಂಬಿದ. ಮೇಲೆ ಉಪ್ಪು ಸುರಿಯಲು ಹೊರಟ. ತಡೆದೆ. ಉಪ್ಪು ಇಳಿದರೆ ಗಿಡ ಉಳಿದೀತೇ? ನಾಳೆ ಲಿಂಗಕ್ಕೆ ಏನು ಏರಿಸಲಿ?

"ಹಂಗಾದ್ರ ನೀರರ ಹಾಕ್ತಿರ್ರಿ, ಅವ್ವಾರ. ಬ್ಯಾಸಿಗ್ಯಾಗ ಮಣ್ಣು ಒಣಗತೈತಿ. ಅರ್ಥ್ ಸಿಗಲಿಲ್ಲಂದ್ರ ಚಾರ್ಜರಿಗೆ ಕೆಂಪು ದೀಪ ಬರತೈತ್ರಿ, ಕಾರಿಗೆ ಚಾರ್ಜ್ ಹತ್ತೂದಿಲ್ಲ. ಆವಾಗ ಉಪ್ಪುನೀರ ಬೇಕು."

ಹೂಂ ಅಂದೆ. ದಿನಾ ಒಂದು ಕೊಡ ಹಾಕುತ್ತೇನೆ. ಇವತ್ತಿನ ಕೊಡವನ್ನು ಭೂಮಿ ಆಗಲೇ ಕುಡಿದು ಬಾಯಿ ಬಿಟ್ಟಿದೆ.

ಏಪ್ರಿಲ್ ೧೨, ರವಿವಾರ

ಅಳಿಯಂದಿರು ಬಂದು ಹೋದರು. ಹಾನಗಲ್ಲಿನಲ್ಲೇ ಪೂರ್ತಿ ತುಂಬಿಸಿಕೊಂಡು ಬಂದಿದ್ದರು, ಇಲ್ಲಿ ಚಾರ್ಜ್ ಹಾಕುವ ಪ್ರಸಂಗ ಬರಲಿಲ್ಲ. ನನ್ನ ಫೋನಿನಲ್ಲಿ ಒಂದು ಆಪ್ ಹಾಕಿಕೊಟ್ಟಿದ್ದಾರೆ. ಕಾರು ಎಲ್ಲಿದೆ, ಎಷ್ಟು ಚಾರ್ಜ್ ಇದೆ, ಕುಳಿತಲ್ಲೇ ಕಾಣುತ್ತದೆ. ಹಸಿರು ಚುಕ್ಕೆ. "ನಿಮ್ಮ ಹೆದರಿಕಿಗೆ ಔಷಧ, ಅತ್ತಿಯವರ" ಅಂದರು. ಔಷಧವಲ್ಲ, ಚಟ ಆಗಿದೆ. ಜಗಲಿಯ ಮುಂದೆ ಜಪಕ್ಕೆ ಕುಳಿತಾಗಲೂ ನೋಡಿದೆ. ಶಿವಾ…

ಪಕ್ಕದ ಮನೆ ಗುಲ್ನಾಜ ಕೇಳಿ ನಕ್ಕಳು. ಅವಳದೂ ಕರೆಂಟಿನ ಸ್ಕೂಟಿ. "ದಿನಾ ಶಿಗ್ಗಾವಿಗೆ ಹೋಗಿ ಬರ್ತೇನ್ರಿ. ಇಷ್ಟು ದಿನದಾಗ ಕೈಕೊಟ್ಟಿದ್ದು ನನ್ನ ಗಂಡ, ಗಾಡಿ ಅಲ್ಲ."

ಏಪ್ರಿಲ್ ೧೭, ಶುಕ್ರವಾರ — ದೀಪ ಹಚ್ಚಿದ ಮೇಲೆ

ಅಳಿಯಂದಿರು ಬಂದಿದ್ದಾರೆ. ಜೊತೆಗೆ ಅವರ ತಾಯಿ, ಬೀಗತಿ ನೀಲಾಂಬಿಕಾ. ಸವಣೂರು ಸುತ್ತಿ, ಹಾನಗಲ್ಲಿಗೆ ಹೋಗಿ ತಾಯಿಯನ್ನು ಕೂಡಿಸಿಕೊಂಡು ಬಂದದ್ದು. ಕಾರಿನ ಹೊಟ್ಟೆ ಖಾಲಿ. ಚಾರ್ಜರ್ ಚುಚ್ಚಿದರು. ಕೆಂಪು ದೀಪ. ತೆಗೆದು ಮತ್ತೆ ಚುಚ್ಚಿದರು. ಕೆಂಪು. ರಫೀಕನಿಗೆ ಫೋನ್ ಮಾಡಿ ಬಂದರು.

"ಅತ್ತಿಯವರ, ಒಂದ್ ನಾಕ್ ಮುಷ್ಟಿ ಉಪ್ಪು ಕೊಡ್ರಿ. ಗುಂಡಿಗೆ ಹಾಕ್ತೇನಿ."

ಆಗಷ್ಟೇ ದೀಪ ಹಚ್ಚಿದ್ದೆ. ಶುಕ್ರವಾರ ದೀಪ ಹಚ್ಚಿದ ಮೇಲೆ ಉಪ್ಪು ಮನೆಯಿಂದ ಹೊರಗೆ ಹೋಗುವುದಿಲ್ಲ. ನಮ್ಮವ್ವ ಕೊಟ್ಟಿಲ್ಲ, ನಮ್ಮತ್ತೆ ಕೊಟ್ಟಿಲ್ಲ. ಊರಿನ ಅಂಗಡಿಯವರೂ ಮಾರುವುದಿಲ್ಲ. ಅದನ್ನು ಮಣ್ಣಿಗೆ ಸುರಿಯುವುದೆಂದರೆ, ಮನೆಯಲ್ಲಿ ತುಂಬಿದ ಬಸುರಿ ಇಟ್ಟುಕೊಂಡು…

"ನಾಳೆ ನಸುಕಿನ್ಯಾಗ ನಾನ ಹಾಕ್ತೇನ್ರಿ" ಅಂದೆ.

"ಬರೋಬ್ಬರಿ ಅಂದ್ರಿ, ಬೀಗತಿ" ಅಂದರು ನೀಲಾಂಬಿಕಾ. "ನಮ್ಮನ್ಯಾಗೂ ಕೊಡೂದಿಲ್ಲ. ಒಂದ್ ರಾತ್ರಿ ಉಪಾಸ ಬಿದ್ರ ಸಾಯೂದಿಲ್ಲ ನಿನ್ನ ಕಾರು."

ಅಳಿಯಂದಿರು ಚಾರ್ಜರ್ ಸುತ್ತಿಟ್ಟರು. ಗುಲ್ನಾಜಳ ಮನೆಯಲ್ಲಿ ಉಪ್ಪು ಕೇಳಿ ತರುತ್ತೇನೆಂದು ಮನೆಯವರು ಎದ್ದರು. ನಾನೇ ಕಣ್ಸನ್ನೆ ಮಾಡಿ ಕೂಡಿಸಿದೆ. ಡಾಕ್ಟರ್ ಬಾಯಿಯವರು ಹೆರಿಗೆಗೆ ಇನ್ನೂ ಹತ್ತು ದಿನ ಹೇಳಿದ್ದಾರಲ್ಲ.

ಏಪ್ರಿಲ್ ೧೮, ಶನಿವಾರ — ಬೆಳಗ್ಗೆ

ಮನೆಯಲ್ಲಿ ಒಬ್ಬಳೇ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ನಸುಕಿಗೆ ಎದ್ದು ಉಪ್ಪಿನ ಭರಣಿಗೆ ಕೈ ಹಾಕುವಾಗಲೇ ವಾಣಿಶ್ರೀ ಕೂಗಿದಳು. ಹಾಸಿಗೆ ತೊಯ್ದಿತ್ತು. ಕಣ್ಣು ಮಂಜು ಮಂಜು, ತಲೆ ಸಿಡಿತೈತಿ ಯವ್ವಾ ಅಂದಳು. ಆಂಬುಲೆನ್ಸ್ ಬೇರೆ ಹೆರಿಗೆಗೆ ಹೋಗಿತ್ತು, ಕಾಯಬೇಕೆಂದರು. ಊರಿನ ಬಾಡಿಗೆ ಕ್ರೂಸರ್ ಗಾಡಿ ರಾತ್ರಿಯೇ ಮದುವೆಗೆ ಹೋಗಿದೆ. ಉಳಿದದ್ದು ಕಾರು. ಹನ್ನೊಂದು ಪರ್ಸೆಂಟ್.

"ಹುಬ್ಬಳ್ಳಿ ಮುಟ್ಟತೈತೇನ್ರಿ?" ಕೇಳಿದೆ.

ಅಳಿಯಂದಿರು ನನ್ನ ಮುಖ ನೋಡಲಿಲ್ಲ. "ತಡಸ ದಾಟಿದ ಮ್ಯಾಲ ಹೈವೇದಾಗ ಒಂದು ಚಾರ್ಜಿಂಗ್ ಐತ್ರಿ. ಅದು ಚಾಲೂ ಇದ್ರ…"

ಮಗಳನ್ನು ಹಿಂದೆ ಮಲಗಿಸಿದೆವು. ತಲೆ ಬೀಗತಿಯವರ ತೊಡೆಯ ಮೇಲೆ. ನಾನೂ ಹತ್ತಲು ಕಾಲಿಟ್ಟೆ.

"ಬ್ಯಾಡ್ರಿ, ಅತ್ತಿಯವರ. ಭಾರ ಆದಷ್ಟು ಚಾರ್ಜ್ ಲಗೂನ ಇಳೀತೈತಿ."

ಕಾಲು ತೆಗೆದೆ. ಮಗಳ ಹಣೆಗೆ ವಿಭೂತಿ ಹಚ್ಚಿದೆ. ವಾಣಿಶ್ರೀ ನನ್ನ ಸೆರಗು ಹಿಡಿದಿದ್ದಳು, ಬೆರಳು ಬಿಡಿಸಿದೆ. ಕಾರು ಸದ್ದಿಲ್ಲದೆ ಹೋಯಿತು. ಮನೆಯವರು ಬೈಕಿನಲ್ಲಿ ಹಿಂದೆ ಹೋಗಿದ್ದಾರೆ. ಫೋನನ್ನು ಗಡಿಬಿಡಿಯಲ್ಲಿ ಇಲ್ಲೇ ಗೂಟದ ಅಂಗಿಯಲ್ಲಿ ಬಿಟ್ಟಿದ್ದಾರೆ.

ಅದೇ ದಿನ — ಬಿಸಿಲೇರಿದ ಮೇಲೆ

ಆಪ್ ನೋಡುತ್ತ ಕುಳಿತೆ. ಒಂಬತ್ತು. ಏಳು. ನಾಲ್ಕು. ತಡಸ ದಾಟಿ ಚುಕ್ಕೆ ನಿಂತಿತು. ಆಗಲೇ ಇಲ್ಲಿ ಕರೆಂಟು ಹೋಯಿತು, ಅದರ ಬೆನ್ನಿಗೆ ನೆಟ್‌ವರ್ಕೂ. ಕಾರು ನಿಂತಿತೋ, ಚುಕ್ಕೆ ಮಾತ್ರ ನಿಂತಿತೋ? ಚಾರ್ಜಿಂಗ್ ಹತ್ತಿರವೋ, ಬರೀ ದಾರಿಯೋ? "ಮುಟ್ಟಿದ್ರೇನವ್ವಾ" ಎಂದು ಮಗಳಿಗೆ ಕಳಿಸಿದೆ. ಪಕ್ಕದಲ್ಲಿ ಗಡಿಯಾರದ ಚಿತ್ರ, ಒಂದು ಗೀಟೂ ಮೂಡಿಲ್ಲ. ಹೋಗಿಲ್ಲ.

ಗುಲ್ನಾಜ ಬಂದಳು. ಹೈವೇ ಕಡೆ ಸಿಗ್ನಲ್ ಇರುತ್ತದೆಂದು ನನ್ನ ಫೋನು ತಗೊಂಡು ಹೊರಟಳು. "ಉತ್ತರ ಬಂದಿದ್ರ ಅಲ್ಲಿ ಓದಬ್ಯಾಡವ್ವ. ಹಂಗ ತಾ" ಅಂದೆ. ಅವಳು ಇವತ್ತು ನಗಲಿಲ್ಲ. "ಒಂದ್ ಗುಟುಕು ನೀರರ ಕುಡೀರಿ, ವೀರವ್ವಾರ" ಅಂದಳು.

ಭರಣಿ ಹಿತ್ತಲಿಗೆ ಒಯ್ದೆ. ಒಂದು ಹರಳೂ ಉಳಿಸದೆ ಗುಂಡಿಗೆ ಸುರಿದೆ. ಕೊಡಗಟ್ಟಲೆ ನೀರು ಹಾಕಿದೆ. ಉಪ್ಪುನೀರು ಪತ್ರಿ ಗಿಡದ ಬುಡಕ್ಕೂ ಹರಿಯಿತು. ಹರಿಯಲಿ. ಗಿಡ ತಗೋ, ಶಿವನೇ. ಅವಳನ್ನು ಬಿಡು.

ಸಾಕೆಟ್ಟಿನ ಮುಂದೆ ಕಾರಿಲ್ಲ. ಊರಲ್ಲಿ ಕರೆಂಟೂ ಇಲ್ಲ.

ಬಾಗಿಲಲ್ಲೇ ಕುಳಿತಿದ್ದೇನೆ. ಗುಲ್ನಾಜಳ ಗಾಡಿ ಬಂದರೂ ಸದ್ದಾಗುವುದಿಲ್ಲ, ಕಣ್ಣು ತೆಗೆಯುವಂತಿಲ್ಲ. ತಿರುವಿನಲ್ಲಿ ಧೂಳು ಎದ್ದಿದೆ… ಅಲ್ಲ, ಕುರಿ ಹಿಂಡು. ಗುಲ್ನಾಜ, ಬೇಗ ಬಾರವ್ವ. ನನ್ನ ಉತ್ತರ ತಾ. ಏನು ಬಂದಿದ್ದರೂ ತಾ, ನಾನು ಇಲ್ಲೇ —