ಬದಲಿ ಪ್ರತಿನಿಧಿ

ಜನವರಿ 3, ರಾತ್ರಿ
ಶಾಲೆಯ ಜಿಮ್‌ನಿಂದ ಈಗ ಬಂದೆವು. ಕಾಲು ಹಿಡಿದುಕೊಂಡಿದೆ. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಬೇರೆ ರಾಜ್ಯದವರು ಗುಟ್ಟಾಗಿ ಚೀಟಿ ಹಾಕಿ ಮನೆಗೆ ಹೋಗುತ್ತಾರೆ. ಅಯೋವಾದವರು ನಾವು, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ ನಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕು.

ನಾನು ಗವರ್ನರ್ ಮೂಲೆ. ನನ್ನ ಗಂಡ ಲೈಲ್ ಎಂದಿನಂತೆ ಸೋಲುವ ಕುದುರೆಯ ಹಿಂದೆ — ಸೆನೆಟರ್. ಅವರ ಗುಂಪಿಗೆ ಒಬ್ಬರು ಕಡಿಮೆ. ಸಾಕಷ್ಟು ಜನ ಸೇರದಿದ್ದರೆ ಗುಂಪೇ ರದ್ದು, ಪ್ರತಿನಿಧಿಯೂ ಇಲ್ಲ. ಲೈಲ್ ಜಿಮ್ ದಾಟಿ ಬಂದ, ಕೈಯಲ್ಲಿ ನಾನೇ ಮಾಡಿದ ಬ್ರೌನಿ ಕೇಕು.

"ಬಾರೇ ಆರ್ಡಿಸ್, ಒಬ್ರು ಬಂದ್ರೆ ಸಾಕು."

"ನನ್ನ ಬ್ರೌನೀನೇ ನಂಗೆ ಲಂಚಾನಾ? ನಿನ್ನ ಸೆನೆಟರ್ ಮುಖ ನೋಡಿದ್ರೆ ನಿದ್ದೆ ಬರುತ್ತೆ ಕಣೋ."

"ಅವನ ಮುಖ ಯಾಕೆ ನೋಡ್ತೀಯ? ನನ್ನ ಮುಖ ನೋಡ್ಕೊಂಡು ಬಾ."

ಹೋದೆ. ಎಲ್ಲರೂ ನಕ್ಕರು. ಸಿಟ್ಟು ಇನ್ನೂ ಇಳಿದಿಲ್ಲ. ಗುಂಪು ಉಳಿಯಿತು. ಮಾರ್ಚ್‌ನ ಕೌಂಟಿ ಸಮಾವೇಶಕ್ಕೆ ಪ್ರತಿನಿಧಿ — ಲೈಲ್. ಅವನು ಬಾರದಿದ್ದರೆ ಒಬ್ಬ ಬದಲಿ ಬೇಕು. ಯಾರೂ ಕೈ ಎತ್ತಲಿಲ್ಲ. ನನ್ನ ಹೆಸರು ಕೊಟ್ಟುಬಿಟ್ಟ.

"ನಾನು ಹೋಗ್ದೇ ಇದ್ರೆ ತಾನೇ ನಿಂಗೆ ಕುರ್ಚಿ? ಆ ಆಸೆ ಬಿಡು."

ಫೆಬ್ರವರಿ 2
ಸೆನೆಟರ್ ಕಣದಿಂದ ಹಿಂದೆ ಸರಿದನಂತೆ. ಲೈಲ್ ರೇಡಿಯೋ ಆರಿಸಿದ. "ಆದ್ರೂ ಹೋಗ್ತೀನಿ. ಮಾತು ಕೊಟ್ಟಾಗಿದೆ." ಬೂಟು ಹಾಕಿಕೊಂಡು ಹಿಮ ಗೋರಲು ಹೊರಟ.

ಫೆಬ್ರವರಿ 27
ಮಣ್ಣಿಗೆ ಬಂದವರು ಊಟ ತಂದಿದ್ದ ಪಾತ್ರೆಗಳನ್ನು ತೊಳೆದಿಟ್ಟೆ. ತಳದಲ್ಲಿ ಟೇಪು, ಅದರ ಮೇಲೆ ಅವರವರ ಹೆಸರು. ಹಿಮ ಗೋರುತ್ತಲೇ ಲೈಲ್‌ನ ಹೃದಯ ನಿಂತಿತು ಅಂತ ಹೇಳಿ ಹೇಳಿ, ಬೇರೆ ಯಾರದೋ ಸುದ್ದಿಯಂತಾಗಿದೆ. ಅಳು ಬರುತ್ತಿಲ್ಲ.

ಪಕ್ಷದ ಡಾರ್ಲೀನ್ ಫೋನ್ ಮಾಡಿದ್ದಳು. "ಸಮಾವೇಶಕ್ಕೆ ಬರ್ಲೇಬೇಕು ಅಂತೇನಿಲ್ಲ ಆರ್ಡಿಸ್."

ಬರ್ತೀನಿ ಅಂದೆ. ಯಾಕೆ ಅಂದೆನೋ.

ಮಾರ್ಚ್ 15
ಕೌಂಟಿ ಸಮಾವೇಶ. ಬದಲಿಗಳನ್ನೆಲ್ಲ ಗೋಡೆಯ ಪಕ್ಕ ನಿಲ್ಲಿಸಿದರು. ಬಾರದ ಪ್ರತಿನಿಧಿಯ ಹೆಸರು ಕೂಗಬೇಕು, ನಿಯಮ. ಡಾರ್ಲೀನ್ ತಲೆ ತಗ್ಗಿಸಿಕೊಂಡೇ ಮೈಕಿನಲ್ಲಿ ಕೂಗಿದಳು — ಲೈಲ್ ಟ್ವೆಡ್ಟ್. ಕೆಲವರು ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಆಮೇಲೆ ಕುರ್ಚಿ ನನ್ನದಾಯಿತು.

ಮತ್ತೆ ಮೂಲೆಗಳು. ಗವರ್ನರ್ ಕಡೆಯವರು ಕೈ ಬೀಸಿ ಕರೆದರು. ಮೊದಲಿಂದಲೂ ನನ್ನ ಮೂಲೆ ಅದು. ನಡೆದಿದ್ದು ಮಾತ್ರ ಸೆನೆಟರ್ ಮೂಲೆಗೆ. ಅಲ್ಲಿ ಯಾರೂ ಇಲ್ಲ. ಬೇಜಾರೂ ಆಗಲಿಲ್ಲ. ನಿಂತೆ.

ಡಾರ್ಲೀನ್ ಹತ್ತಿರ ಬಂದು ಮೆಲ್ಲಗೆ, "ಒಬ್ಳೇ ನಿಂತ್ರೆ ಲೆಕ್ಕಕ್ಕಿಲ್ಲ ಕಣೇ. ಇನ್ನೂ ಟೈಮಿದೆ, ಆ ಕಡೆ ಹೋಗು. ಯಾರಿಗೆ ಕಾಯ್ತಿದೀಯ?"

"ಒಬ್ರು ಬಂದ್ರೆ ಸಾಕು," ಅಂದೆ. ಬಾಯಿಂದ ತಾನಾಗಿ ಬಂತು.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಗಲೇ ಬಾಗಿಲು ತೆರೆಯಿತು. ತಣ್ಣನೆ ಗಾಳಿ. ಕಾಫಿ ತಂದವರು. ನಾನು ನಗುಮುಖ ಮಾಡಿ ಒಂದು ಹೆಜ್ಜೆ ಮುಂದೆ ಇಟ್ಟಾಗಿತ್ತು... ಆಗ ತಿಳಿಯಿತು ನನಗೆ, ಲೈಲ್ ಇನ್ನು —