ದೇವರ ಎತ್ತು ರಸ್ತೆಗೆ ಬಂದ ಸಂಜೆ

ಚಳ್ಳಕೆರೆ
೧೭ ನವೆಂಬರ್ ೨೦೨೫, ಸೋಮವಾರ

ಮಲ್ಲಿಕ್,

ನೂರು ವರ್ಷ ಬಾಳು ಮಗನೇ, ಅದಕ್ಕೂ ಮೊದಲು ಅತ್ತೆ ಬಡಿಸಿದ್ದನ್ನು ತಟ್ಟೆಯಲ್ಲಿ ಬಿಡದೆ ಉಣ್ಣು. ಅರ್ಧ ಮುದ್ದೆಗೇ ಕೈ ತೊಳೆಯುತ್ತೀಯಂತೆ, ದಾಕ್ಷಾಯಿಣಿ ಅತ್ತೆ ಹೇಳಿದಳು. ನಿನ್ನ ಫೋನು ಶ್ರಾವಣದಿಂದ ಸತ್ತು ಬಿದ್ದಿದೆ. ಅತ್ತೆ ತನ್ನ ಫೋನು ಕೊಟ್ಟರೂ "ಆಮೇಲೆ ಮಾತಾಡ್ತೀನಿ" ಅಂತ ಮಗ್ಗದ ಕೋಣೆಗೆ ಹೋಗಿಬಿಡುತ್ತೀಯಂತೆ. ಮೊಳಕಾಲ್ಮೂರಿಗೆ ಹೋಗಿ ರೇಷ್ಮೆ ಸುತ್ತುವುದನ್ನಾದರೂ ಕಲಿತೆಯಲ್ಲ, ಸಂತೋಷ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನಪ್ಪನ ಮಿಲ್ಲಿಗೆ ಹೊಸ ಶೇಂಗಾ ಬಂದು ಮನೆಯೆಲ್ಲ ಧೂಳು. ಇತ್ತ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ ಬಾಗಿಲು ತೆಗೆದರೆ ಒಬ್ಬನಿಗೆ ಬ್ರೇಕ್ ಶೂ, ಇನ್ನೊಬ್ಬನಿಗೆ ಚೈನು. ಪೆನ್ನು ಹಿಡಿದು ಕೂರಲು ಇವತ್ತೇ ಬಿಡುವಾದದ್ದು.

ಅಲ್ಲಿ ಅಡಗಿ ಕೂತದ್ದು ಸಾಕು, ಮನೆಗೆ ಬಾ ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಶ್ರಾವಣದ ಆ ರೇಸಿನಲ್ಲಿ ಗಾಡಿ ನಿನ್ನದು, ಓಡಿಸಿದವನು ಈರೇಶ್, ನೀನು ಹಿಂದೆ ಕೂತಿದ್ದೆ. ಹಾಗೆಂದು ಆಸ್ಪತ್ರೆಯ ಮಂಚದ ಮೇಲೇ ಪೊಲೀಸರಿಗೆ ಹೇಳಿಕೆ ಕೊಟ್ಟೆ. "ಹಿಂದೆ ಕೂತೋನಿಗೆ ಊರು ಬಿಡೋವಂಥ ಭಯ ಏನೈತೆ?" ಎಂದು ನಿನ್ನಪ್ಪ ದಿನಾ ಕೇಳುತ್ತಾರೆ. ಸತ್ತ ಗೆಳೆಯನ ಅಪ್ಪ ಅವ್ವನ ಮುಖ ನೋಡಲಾರ, ಅದಕ್ಕೇ ಎಂದು ನಾನೇ ಅವರ ಬಾಯಿ ಮುಚ್ಚಿಸಿದ್ದೇನೆ. ಆದರೆ ಎಷ್ಟು ದಿನ ಅಂತ ತಪ್ಪಿಸಿಕೊಳ್ಳುತ್ತೀಯ? ನಾನಂತೂ ಹೋಗಿ ನೋಡಿ ಬಂದೆ.

ನೀನು ಹೋದಮೇಲೆ ಬೈಕ್ ರೇಸು ನಿಂತಿತು ಅಂದುಕೊಂಡಿದ್ದೀಯೇನೋ. ಎಲ್ಲಿ! ಕುದಾಪುರದ ಕಡೆಯ ಅದೇ ಅಗಲವಾದ ರಸ್ತೆ, ಅದೇ ಭಾನುವಾರದ ಸಂಜೆ. ಈರೇಶನ ಫೋಟೋ ಹಾಕಿ "ಮಿಸ್ ಯು ಮಚ್ಚಾ" ಎಂದು ರೀಲ್ಸ್ ಮಾಡಿದ ಹುಡುಗರೇ ಅವನು ಬಿದ್ದ ಜಾಗದಲ್ಲಿ ಗಾಡಿ ಬಿಟ್ಟರು. ಕನ್ನಡಿ ಕಿತ್ತು, ನಂಬರ್ ಪ್ಲೇಟ್ ಬಿಚ್ಚಿ, ತಲೆಗೆ ಹೆಲ್ಮೆಟ್ ಇಲ್ಲದೆ. ಒಬ್ಬ ಕಾಲು ಮುರಿದುಕೊಂಡ. ಸಂತೆಯಿಂದ ನಡೆದು ಬರುತ್ತಿದ್ದ ಹೆಂಗಸೊಬ್ಬಳು ಕೂದಲೆಳೆಯಲ್ಲಿ ಉಳಿದಳು. ನನಗೆ ಪಿತ್ತ ನೆತ್ತಿಗೇರಿತು.

ಸ್ಟೇಷನ್ನಿಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಬ್ಯಾರಿಕೇಡ್ ಇಡಿಸಿದರು. ಹುಡುಗರು ಪಕ್ಕದ ಹೊಲಕ್ಕೆ ಇಳಿದು ದಾಟಿದರು. ಗಾಡಿ ಹಿಡಿದು ದಂಡ ಹಾಕಿದರು. ಅಪ್ಪಂದಿರು ದಂಡ ಕಟ್ಟಿ, ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಮನೆಗೆ ಕರೆದುಕೊಂಡು ಹೋದರು. ಅರ್ಜಿ ಕೊಟ್ಟು ಹಂಪ್ ಹಾಕಿಸಿದೆವು. ಅದರ ಮೇಲಿಂದ ಗಾಡಿ ಹಾರಿಸಿ ವಿಡಿಯೋ ಮಾಡಿಕೊಂಡರು! ನಗಬೇಡ, ನನಗೆ ಆವತ್ತು ಅಳುವೇ ಬಂದಿತ್ತು.

ಮೊದಲು ನಮ್ಮ ಮನೆ ಕಸ ಗುಡಿಸೋಣ ಎಂದು, ಸದ್ದು ಮಾಡುವ ಸೈಲೆನ್ಸರನ್ನು ಅಂಗಡಿಯಿಂದಲೇ ತೆಗೆದೆ. ನಿನ್ನ ಗಾಡಿಯನ್ನು ಬಿಚ್ಚಿ ಕಟ್ಟಿಕೊಟ್ಟ ಮೆಕ್ಯಾನಿಕ್ ಬಾಲರಾಜು ಜಗಳಕ್ಕೇ ಬಂದ.

"ಅಕ್ಕಾ, ನಾವು ಬಿಟ್ರೆ ದುರ್ಗಕ್ಕೆ ಹೋಗಿ ಹಾಕಿಸ್ಕಂತಾರೆ. ನಮ್ ಹೊಟ್ಟೆ ಮೇಲೆ ನಾವೇ ಯಾಕೆ ಹೊಡ್ಕಬೇಕು?"

"ಹಾಕಿಸ್ಕಳ್ಲಿ ಬಿಡು. ಈರೇಶನ್ನ ಆಸ್ಪತ್ರೆಗೆ ಹೊತ್ಕೊಂಡ್ ಬಂದಾಗ ಸ್ಟ್ರೆಚರ್ ಹಿಡ್ದಿದ್ದ ಕೈ ಇದು. ಈ ಕೈಯಾಗೆ ಇನ್ನೊಂದು ಬ್ಯಾಡ."

ಅವನು ಸ್ಪ್ಯಾನರ್ ಕೆಳಗಿಟ್ಟು ಹೋದ. ಮಾರನೆಯ ದಿನದಿಂದ ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನು ಗ್ಯಾರೇಜಿನೊಳಕ್ಕೇ ಬಿಡುತ್ತಿಲ್ಲ. ವೇಗದ ಹುಚ್ಚು ಬಿಡಲಾರದ ಹುಡುಗರನ್ನು ಲೈಸೆನ್ಸ್ ಇರುವ ಟ್ರ್ಯಾಕಿಗೆ ತಾನೇ ಕರೆದೊಯ್ಯುತ್ತೇನೆ ಎಂದೂ ಹೇಳಿದ್ದಾನೆ. ಇದರಿಂದ ರೇಸು ಸ್ವಲ್ಪ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಆಮೇಲೇ ಧೈರ್ಯ ಮಾಡಿ ಈರೇಶನ ಹಟ್ಟಿಗೆ ಹೋದದ್ದು. ಅವನ ಅವ್ವ ಜಯಕ್ಕ ನನ್ನನ್ನು ಕಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಈರೇಶನ ಅಪ್ಪ ದೊಡ್ಡೀರಪ್ಪನವರು ಕಂಬಳಿ ಹಾಸಿ ಕೂರಿಸಿದರು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಕೆಲಸ ಅವರ ಮನೆತನದ್ದು ಎಂದು ನಿನಗೆ ಗೊತ್ತೇ ಇದೆ. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ, ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡುತ್ತಾರೆ. ನಿಮ್ಮ ಗಾಡಿ ಗುದ್ದಿದ ಎತ್ತನ್ನು ಈರೇಶನ ಮಣ್ಣಾದ ದಿನವೇ ಹಾಗೆ ಮಣ್ಣು ಮಾಡಿದರು. ದೇವರ ಎತ್ತು ಎದುರಾದರೆ ಆ ಸುತ್ತಿನ ಜನ ಚಪ್ಪಲಿ ಬಿಡುತ್ತಾರೆ, ಗಾಡಿಯಲ್ಲಿದ್ದವರು ಇಂಜಿನ್ ಆರಿಸಿ ನಿಲ್ಲುತ್ತಾರೆ. ಚಳ್ಳಕೆರೆ ಪೇಟೆಯಲ್ಲಿ ಬೆಳೆದ ನಮಗೂ ಅಷ್ಟು ಗೊತ್ತು.

"ಎತ್ತು ಸಾಯಂಕಾಲ ಈಗ ಯಾವ ದಾರಿಯಾಗೆ ಬರ್ತಾವೆ?" ಎಂದು ಕೇಳಿದೆ.

"ಗುಡ್ಡ ಸುತ್ತಿಸ್ಕಂಡು ಹೊಡ್ಕಂಬರ್ತೀವಿ ಕಣಮ್ಮ. ಆ ರೋಡಿನ ಸಾವಾಸ ಬ್ಯಾಡ ಅಂತ."

ನನಗೆ ತಡೆಯಲಾಗಲಿಲ್ಲ ಮಲ್ಲಿಕ್. "ಬೈಕ್ ಹುಡುಗ್ರಿಗೆ ಹೆದರಿ ದೇವ್ರೆತ್ತಿಗೇ ಸುತ್ತು ಹಾಕ್ಸಿದ್ದೀರಾ? ಇದೆಂಥ ತಪ್ಪು ಮಾಡಿದ್ರಿ! ದಾರಿ ಯಾರದ್ದು? ರೋಡು ಮೊದ್ಲು ಬಂತೋ, ಎತ್ತು ಮೊದ್ಲು ಬಂದ್ವೋ?" ಅಂದೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಹಟ್ಟಿಯೇ ಸೇರಿತು. ಅವರ ಕುಲದ ಗುಡಿಕಟ್ಟಿನ ಹಿರಿಯ ಚಿನ್ನಯ್ಯ ಮೀಸೆ ತಿರುವಿಕೊಂಡು ತೆಲುಗಿನಲ್ಲಿ "ರಾನೀ, ಚೂದ್ದಾಂ" ಅಂದ. ಬರಲಿ, ನೋಡೋಣ ಅಂತ. ಅಲ್ಲಿಗೆ ತೀರ್ಮಾನ ಆಯಿತು.

ಹುಚ್ಚು ಧೈರ್ಯ ಮಾಡಲಿಲ್ಲ, ನೀನು ಗಾಬರಿಯಾಗಬೇಡ. ಸಬ್ ಇನ್ಸ್‌ಪೆಕ್ಟರಿಗೆ ಹೇಳಿ, ರಸ್ತೆಯ ಎರಡೂ ತುದಿಯಲ್ಲಿ ದೂರದಿಂದಲೇ ಕಾಣುವ ಹಾಗೆ ಪೊಲೀಸರನ್ನು ನಿಲ್ಲಿಸಿ, ಗಾಡಿಗಳು ಹಾವಿನ ಹಾಗೆ ಸುತ್ತಿ ನಿಧಾನವಾಗಿ ಬರಲೇಬೇಕಾದಂತೆ ಬ್ಯಾರಿಕೇಡ್ ಇಡಿಸಿದೆವು. ಮಧ್ಯದಲ್ಲಿ ಎತ್ತುಗಳು.

ನಿನ್ನೆ ಸಂಜೆ ನೀನು ಇರಬೇಕಿತ್ತು! ಹೊತ್ತು ಇಳಿಯುವಾಗ ಎತ್ತುಗಳು ಹುಲ್ಲುಗಾವಲಿನಿಂದ ಬಂದವು. ತಮ್ಮ ಹಳೆಯ ದಾರಿ ಸಿಕ್ಕಿತೆಂದು ಗೊತ್ತಾಯಿತೋ ಏನೋ, ಕೆಲವು ಬಿಸಿ ಟಾರಿನ ಮೇಲೆ ಮಲಗಿ ಮೆಲುಕು ಹಾಕತೊಡಗಿದವು. ಹುಡುಗರು ಬಂದರು. ಮೊದಲು ಸದ್ದು ಬಂತು, ಆಮೇಲೆ ಗಾಡಿ. ಬ್ಯಾರಿಕೇಡಿನಲ್ಲಿ ಬಳುಕಿ ಬಂದ ಮೊದಲನೆಯವನು ಎತ್ತು ಕಂಡವನೇ ಇಂಜಿನ್ ಆರಿಸಿದ. ಅವನ ಹಿಂದಿನವನೂ ಆರಿಸಿದ. ದುರ್ಗದಿಂದ ಬಂದ ಒಬ್ಬ ಮಾತ್ರ ಹಾರನ್ ಹೊಡೆದ. ಪಕ್ಕದವನು ಅವನ ಬೆನ್ನಿಗೆ ಗುದ್ದಿ "ಲೇ, ದೇವ್ರೆತ್ತು ಕಣಲೇ, ಆರ್ಸಲೇ!" ಅಂದ. ಪೊಲೀಸರಿಗೆ ಹೆದರದವರು ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು. ಆ ರಸ್ತೆಯಲ್ಲಿ ಎತ್ತಿನ ಕೊರಳ ಗಂಟೆ ಬಿಟ್ಟು ಬೇರೆ ಸದ್ದಿಲ್ಲ.

ದೊಡ್ಡೀರಪ್ಪನವರು ಬೈಯಲಿಲ್ಲ. ಒಬ್ಬೊಬ್ಬರ ಎದುರೂ ನಿಂತು "ಯಾರ ಮಗನಪ್ಪಾ ನೀನು?" ಎಂದು ಕೇಳಿದರು. ಹುಡುಗರು ನೆಲ ನೋಡುತ್ತಾ ಅಪ್ಪನ ಹೆಸರು ಹೇಳಿದರು. "ಮನ್ಯಾಗೆ ನಿಮ್ಮವ್ವ ಕಾಯ್ತಿರ್ತಾಳೆ, ಹೋಗು" ಅಂದರು, ಅಷ್ಟೇ. ಹುಡುಗರು ಗಾಡಿ ತಳ್ಳಿಕೊಂಡೇ ಹಿಂದಕ್ಕೆ ಹೋದರು. ಇನ್ನು ಮೇಲೆ ಎತ್ತುಗಳು ದಿನಾ ಅದೇ ದಾರಿಯಲ್ಲಿ ಬರುತ್ತವೆ, ಬ್ಯಾರಿಕೇಡೂ ಅಲ್ಲೇ ಇರುತ್ತದೆ. ಇವತ್ತು ಬೆಳಗ್ಗೆ ಅವರಲ್ಲೊಬ್ಬ ಅಂಗಡಿಗೆ ಬಂದು ತಲೆ ತಗ್ಗಿಸಿಕೊಂಡು ಹೆಲ್ಮೆಟ್ ಕೇಳಿದ. ಆ ರಸ್ತೆಯಲ್ಲಿ ರೇಸು ಮುಗಿಯಿತು ಮಲ್ಲಿಕ್. ನಾನು ಹೇಳುತ್ತಿದ್ದೇನೆ, ಬರೆದಿಟ್ಟುಕೋ.

ಇವತ್ತು ಕಡೇ ಕಾರ್ತಿಕ ಸೋಮವಾರ. ಅತ್ತೆ ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋಗುತ್ತೇನೆ ಅಂದಿದ್ದಳು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹೋಗಿ ಬಂದಿರುತ್ತೀರಿ. ನಿನ್ನ ಹೆಸರಿನಲ್ಲಿ ಒಂದು, ಈರೇಶನ ಹೆಸರಿನಲ್ಲಿ ಒಂದು ದೀಪ ಹಚ್ಚಲು ಅವಳಿಗೆ ಹೇಳಿದ್ದೇನೆ. ಭುಜದ ಮೂಳೆ ಕೂಡಿದೆಯಾ? ಚಳಿಗೆ ನೋಯುತ್ತದೆ, ಎಣ್ಣೆ ಹಚ್ಚಿಸಿಕೋ. ನಮ್ಮ ಮಿಲ್ಲಿನದೇ ಒಂದು ಡಬ್ಬಿ ಕಳಿಸಿದ್ದೇನೆ. ನಿನ್ನನ್ನು ಕಾಯುವ ದೇವರು ಕಣ್ಣು ಮುಚ್ಚದಿರಲಿ.

ನಿನ್ನ ಅವ್ವ,
ಶೈಲಜಾ

ತಾ.ಕ.: ಇಷ್ಟುದ್ದ ಬರೆದೆನಲ್ಲ, ಇದೊಂದನ್ನು ಬರೆಯಲು ಕೈ ಬಾರದೆ ಬರೆದದ್ದು. ನಿನ್ನೆ ಆ ಹುಡುಗರು ಇಂಜಿನ್ ಆರಿಸಿ ನಿಂತಾಗ ದೊಡ್ಡೀರಪ್ಪನವರು ತಲೆಯ ಟವೆಲ್ ಬಿಚ್ಚಿ ಮುಖಕ್ಕೆ ಒತ್ತಿಕೊಂಡರು. ಎಲ್ಲರೂ ಹೋದಮೇಲೆ ನನಗೆ ಹೇಳಿದರು: "ನಮ್ ಈರೇಶ ಸಣ್ಣೋನಿದ್ದಾಗ್ಲಿಂದ ಹಂಗೇ ಕಣಮ್ಮ. ಎತ್ತು ಕಂಡ್ರೆ ಇಂಜಿನ್ ಆರಿಸ್ದೆ ಒಂದಿನಾನೂ ಬಂದೋನಲ್ಲ. ಆವತ್ತು ನಾನು ಎತ್ತಿನ ಜೊತೆಗೇ ಇದ್ನಲ್ಲ. ಗಾಡಿ ಆರಿರ್ಲಿಲ್ಲ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?" ಅಂದೆ.

"ನನ್ ಮಗ ಹೋದ. ಉಳ್ದಿರೋನ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಾ ಇದೀನಿ."

ನೀನು ಹಿಂದೆ ಕೂತಿರಲಿಲ್ಲ. ನಾನು ನಿನ್ನನ್ನು ನಂಬಿದ್ದೆ ಮಲ್ಲಿಕ್, ಕಣ್ಣು ಮುಚ್ಚಿ ನಂಬಿದ್ದೆ. ಜಯಕ್ಕ ಹಟ್ಟಿಯ ದೇವರ ಗುಡಿಗೆ ಮೀಸಲು ಹಾಲು ಒಯ್ಯುವುದನ್ನು ಬಿಟ್ಟಿದ್ದಾಳೆ. "ದೇವ್ರೆತ್ತು ಕೊಂದೋನ ತಾಯಿ, ಯಾವ ಮುಖ ಇಟ್ಕಂಡು ಹೋಗ್ಲಿ" ಅನ್ನುತ್ತಾಳಂತೆ. ಆ ಹಾಲಿನ ಗಡಿಗೆ ಶ್ರಾವಣದಿಂದ ಅವರ ಜಗುಲಿಯ ಮೇಲೆ ಬೋರಲು ಬಿದ್ದಿದೆ, ನಾನೇ ನೋಡಿದೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ, ಬಟ್ಟೆ ಕಟ್ಟಿಕೊಂಡು ತಯಾರಿರು. ಮೊದಲು ಹಟ್ಟಿ, ಆಮೇಲೆ ಸ್ಟೇಷನ್ನು. ಹಟ್ಟಿಯ ಹೊರಗೇ ಚಪ್ಪಲಿ ಬಿಡೋಣ. ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ, ಕೈ ಬಿಡುವುದಿಲ್ಲ. ಆದರೆ ಜಯಕ್ಕನಿಗೆ ಹೇಳಬೇಕಾದವನು ನೀನು.